ತಾಯಂದಿರ ಒಪ್ಪಿಗೆ

ನಗರಸಭೆಯಲ್ಲಿ ನಡಾವಳಿ ಬರೆಯುವ ಗುಮಾಸ್ತೆಗೆ ಬೆಳಗಿನ ಹೊತ್ತು ಎರಡು ಕೈ ಸಾಲುತ್ತಿರಲಿಲ್ಲ. ಕಂಕುಳಲ್ಲಿ ಮಗು, ಹೆಗಲಿಗೆ ಚೀಲ; ಬಾಗಿಲು ಅತ್ತೆಯೇ ತೆಗೆಯಬೇಕು. ಅವರು ಬಾಗಿಲಿನ ಜೊತೆ ಬಾಯನ್ನೂ ತೆಗೆಯುತ್ತಿದ್ದರು.

“ಹೆತ್ತವಳು ಮನೇಲಿರ್ಬೇಕಮ್ಮ. ನಾನೇನು ಕಚೇರಿಗೆ ಹೋಗಿ ನಿನ್ನ ಗಂಡನ್ನ ಸಾಕಿದ್ನಾ?”

“ಓದಿ ಸಂಪಾದಿಸಿದ ಕೆಲಸ ಅತ್ತೆ, ಬಿಡಲ್ಲ. ಮಗು ನನ್ನ ಕಚೇರಿ ಕೆಳಗಿನ ಅಂತಸ್ತಲ್ಲೇ ಇರತ್ತಲ್ಲ. ಅತ್ರೆ ಕೇಳ್ಸತ್ತೆ.”

ಕೆಳಗೆ ನಗರಸಭೆಯ ಶಿಶುವಿಹಾರವಿತ್ತು. ಬಸ್ ಕಂಡಕ್ಟರಮ್ಮನ ಅವಳಿಗಳು, ದಾದಿಯ ಮಗ, ಬೀದಿ ಗುಡಿಸುವವಳ ಹೆಣ್ಣುಕೂಸು, ಹೀಗೆ ಹನ್ನೆರಡು ಮಕ್ಕಳು. ಕೋಣೆಗೆ ಒಳ್ಳೆಯ ಗಾಳಿ ಬರುತ್ತಿತ್ತು. ಅದೇ ಅದಕ್ಕೆ ಮುಳುವಾಯಿತು. ಉಂಡ ಮೇಲೆ ಒರಗಲು ಜಾಗವಿಲ್ಲವೆಂದು ಸದಸ್ಯರು ವರ್ಷದಿಂದ ನರಳುತ್ತಿದ್ದರು.

ಸಭೆ ಸೇರಿತು. ಹನ್ನೊಂದು ಗಂಡಸರು, ಒಬ್ಬನೂ ತನ್ನ ಮಗುವಿನ ಮೂಗು ಒರೆಸಿದವನಲ್ಲ. ಶಿಶುವಿಹಾರ ಮುಚ್ಚಿ ವಿಶ್ರಾಂತಿ ಕೊಠಡಿ ಮಾಡುವ ಮಾತು ಮೂರೇ ನಿಮಿಷದಲ್ಲಿ ಮುಗಿಯಿತು. ಸೋಫಾದ ಬಣ್ಣಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಕಂದು ಬಣ್ಣಕ್ಕೆ ಘನತೆಯಿದೆಯೆಂದು ಒಬ್ಬ ಮೇಜು ಗುದ್ದಿದ. ಸದಸ್ಯರಿಗಿಲ್ಲದ ಘನತೆ ಸೋಫಾಕ್ಕಾದರೂ ಇರಲಿ ಎಂದುಕೊಂಡಳು ಗುಮಾಸ್ತೆ.

ಅಧ್ಯಕ್ಷ ಮಹಾಶಯ ಕಡ್ಡಿಯಿಂದ ಹಲ್ಲು ಕೆದಕಿಕೊಳ್ಳುತ್ತ ಹೇಳಿದ: “ಬರ್ಕೊಳಮ್ಮ. ‘ತಾಯಂದಿರನ್ನು ವಿಚಾರಿಸಿ, ಅವರ ಒಪ್ಪಿಗೆ ಪಡೆದು, ಸರ್ವಾನುಮತದಿಂದ...’”

ಪೆನ್ನು ನಿಂತಿತು. “ಯಾವ ತಾಯಂದಿರನ್ನ ಸಾರ್?”

“ಎಲ್ಲಾ ಠರಾವಲ್ಲೂ ಹೀಗೇ ಬರಿಯೋದು. ವಾಡಿಕೆ.”

ವಾಡಿಕೆಯೇನೋ ನಿಜ. ಹೆಂಗಸರ ಶೌಚಾಲಯಕ್ಕೆ ಬೀಗ ಬಿದ್ದಾಗ, ಹೆರಿಗೆ ಆಸ್ಪತ್ರೆಯ ಬಸ್ಸು ನಿಂತಾಗ, ಇಂಥದೇ ಸುಳ್ಳನ್ನು ಅವಳೇ ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು. ಅವರ ಮೇಲಷ್ಟೇ ಅಲ್ಲ, ತನ್ನ ಮೇಲೂ ಹೇಸಿಗೆಯಾಯಿತು.

“ಇಲ್ಲಿ ತಾಯಿ ಅಂತ ಇರೋಳು ನಾನೊಬ್ಳೇ. ನನ್ನನ್ನೇ ಯಾರೂ ಕೇಳ್ಲಿಲ್ಲ. ನಾನು ಬರಿಯಲ್ಲ.”

“ಕೆಲಸ ಬೇಡ್ವೇನಮ್ಮ?”

“ಬೇಕು ಸಾರ್. ಅದಕ್ಕೇ ನಡೆದದ್ದನ್ನ ಬರೀತೀನಿ.”

ಬರೆದಳು, ಎದ್ದು ನಿಂತು ಗಟ್ಟಿಯಾಗಿ ಓದಿದಳು: “‘ತಾಯಂದಿರನ್ನು ಕೇಳಿಲ್ಲ. ಹಾಜರಿದ್ದ ಒಬ್ಬ ತಾಯಿಯ ಒಪ್ಪಿಗೆಯಿಲ್ಲ.’” ಪುಸ್ತಕವನ್ನು ಸಹಿಗೆ ಚಾಚಿದಳು. ಮೇಜು ಗುದ್ದಿದ ಶೂರ ಚಾವಣಿ ನೋಡಿದ. ಅಧ್ಯಕ್ಷ ಹಾಳೆ ಹರಿಯಲು ಕೈಯಿಟ್ಟ. ಪುಟಸಂಖ್ಯೆ ಅಚ್ಚಾಗಿರುವುದು ಕಂಡು, ಹರಿದದ್ದು ಗೊತ್ತಾಗುತ್ತದೆಂದು ಕೈ ಹಿಂತೆಗೆದ. ಸಹಿ ಮಾಡುವ ಧೈರ್ಯ ಹನ್ನೊಂದು ಜನರಲ್ಲಿ ಒಬ್ಬನಿಗೂ ಬರಲಿಲ್ಲ. ಠರಾವು ಮುಂದಿನ ಸಭೆಗೆ ಹೋಯಿತು.

ಮರುದಿನವೇ ಅವಳನ್ನು ಹಳೆಯ ಕಡತಗಳ ಕೋಣೆಗೆ ತಳ್ಳಿದರು. ಹೋಗುವ ಮುನ್ನ ಅವಳು ಶಿಶುವಿಹಾರದ ಬಾಗಿಲಲ್ಲಿ ನಿಂತು, ಮಕ್ಕಳನ್ನು ಬಿಡಲು ಬಂದ ಒಬ್ಬೊಬ್ಬ ತಾಯಿಗೂ ನಡೆದದ್ದನ್ನು ಹೇಳಿದಳು.

ಮುಂದಿನ ಸಭೆಯ ಹೊತ್ತಿಗೆ ಗೋಡೆಯುದ್ದಕ್ಕೂ ತಾಯಂದಿರು ಸಾಲಾಗಿ ನಿಂತಿದ್ದರು. ಅವಳೂ ಮಗುವನ್ನೆತ್ತಿಕೊಂಡು ಅವರ ನಡುವೆ ನಿಂತಳು. ಅಧ್ಯಕ್ಷ ಬಾಯಿ ತೆರೆಯುವ ಮೊದಲೇ ಕಂಡಕ್ಟರಮ್ಮ ಎರಡು ಹೆಜ್ಜೆ ಮುಂದೆ ಬಂದಳು.

“ನಮ್ಮ ಒಪ್ಪಿಗೆ ಬೇಕಂತಲ್ಲ ಸಾರ್. ಬಂದಿದೀವಿ, ಕೇಳಿ.”