ಸೀಟಿನ ಕೆಳಗಿನ ಪೊಟ್ಟಣ

ಬಸ್ ಚಾಲಕಿಯಾಗುವ ಪರೀಕ್ಷೆಗೆ ಒಂದೇ ತಿಂಗಳು ಉಳಿದಿದ್ದಾಗ ಆ ಮನೆಯ ಸೊಸೆಗೆ ಕಾಂಡೋಮ್ ಕೈಕೊಟ್ಟಿತು. ಹರಿದೇ ಹೋಯಿತು. ಸ್ಕೂಟರ್ ಮೆಕ್ಯಾನಿಕ್ ಗಂಡ, "ಮಾಲೇ ಸರಿಯಿಲ್ಲ ಕಣೇ" ಎಂದು ಜಾರಿಕೊಳ್ಳಲು ನೋಡಿದ. ಅವಳಿಗೆ ಮೈಯೆಲ್ಲ ಉರಿಯಿತು. ಬಸುರಿಯಾದರೆ ತರಬೇತಿ ಅಲ್ಲಿಗೇ ನಿಂತಂತೆ. ಆ ದೊಡ್ಡ ಸ್ಟೀರಿಂಗ್ ಹಿಡಿದಾಗ ಆಗುವ ಖುಷಿಯನ್ನು ಯಾರಿಗೂ ಬಿಟ್ಟುಕೊಡಲು ಅವಳು ತಯಾರಿರಲಿಲ್ಲ.

ಬೆಳಗಾಗುತ್ತಲೇ ಗಂಡನನ್ನು ಎಳೆದುಕೊಂಡು ಕ್ಲಿನಿಕ್ಕಿಗೆ ಹೋದಳು. ನರ್ಸಮ್ಮ ತುರ್ತು ಮಾತ್ರೆ ಕೊಟ್ಟು, "ತಡಮಾಡದೆ ಬಂದಿದ್ದು ಒಳ್ಳೇದಾಯ್ತು. ಮುಟ್ಟು ಮುಂದೆ ಹೋದ್ರೆ ಮತ್ತೆ ಬನ್ನಿ" ಎಂದರು. ಆಮೇಲೆ ಗಂಡನ ಕಡೆ ತಿರುಗಿದರು. "ಪೊಟ್ಟಣ ಎಲ್ಲಿಡ್ತೀರಪ್ಪ?"

"ಸ್ಕೂಟರ್ ಸೀಟಿನ ಕೆಳಗೆ. ಮನೇಲಿ ಅಮ್ಮ ಒಂದು ಮೂಲೇನೂ ಬಿಡದೆ ಗುಡಿಸಿ ಒರೆಸ್ತಾರೆ."

"ಅಂದ್ರೆ ಇಂಜಿನ್ ಮೇಲೆ!"

ಅವನ ಮುಖ ಸಪ್ಪಗಾಯಿತು. ಬಿಸಿಗೆ ರಬ್ಬರು ಹಾಳಾಗುತ್ತದೆಂದು ದಿನಬೆಳಗಾದರೆ ಗಿರಾಕಿಗಳನ್ನು ಗದರುವವನು ಅವನೇ. ಪುರಾಣ ಹೇಳೋದಕ್ಕೆ, ಬದನೇಕಾಯಿ ತಿನ್ನೋದಕ್ಕೆ!

"ತಂಪಾಗಿರೋ ಜಾಗದಲ್ಲಿಡಿ, ಮೇಲಿನ ತಾರೀಕೂ ನೋಡ್ಕೊಳ್ಳಿ" ಎಂದು ನರ್ಸಮ್ಮ ಹೊಸ ಪೊಟ್ಟಣ ಕೊಟ್ಟರು. ತಂಪು ಎಂದಾಗ ಮೆಕ್ಯಾನಿಕ್ಕಿನ ತಲೆಗೆ ಹೊಳೆದದ್ದು ಫ್ರಿಜ್ಜು. ಹೆಂಡತಿಗೂ ಹೇಳದೆ ಮೊಟ್ಟೆಗಳ ಹಿಂದೆ ತುರುಕಿಬಿಟ್ಟ.

ಸಂಜೆ ಸೊಸೆ ತರಬೇತಿ ಮುಗಿಸಿ ಬಂದರೆ, ಅಡುಗೆಮನೆಯ ಮೇಜಿನ ಮೇಲೆ ಪೊಟ್ಟಣ, ಅದರ ಮುಂದೆ ಅತ್ತೆ, ಪಕ್ಕದಲ್ಲಿ ಪೆಚ್ಚುಮೋರೆಯ ಮಗ. ಮದುವೆಯಾದ ಮಾರನೆಯ ದಿನದಿಂದಲೇ ಮೊಮ್ಮಗುವಿಗೆಂದು ಸ್ವೆಟರ್ ಹೆಣೆಯುತ್ತಿದ್ದ ಅತ್ತೆ!

"ಏನಮ್ಮ ಇದೆಲ್ಲ?"

"ಪರೀಕ್ಷೆ ಆಗ್ಲಿ, ಕೆಲ್ಸ ಸಿಗ್ಲಿ ಅಂತ, ಅತ್ತೆ. ಮಕ್ಳು ಬೇಡ ಅಂತಲ್ಲ."

ಅತ್ತೆ ಮಗನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು. "ನಂಗೂ ಟೈಪಿಂಗ್ ಪರೀಕ್ಷೆ ಇತ್ತು. ಅಷ್ಟರಲ್ಲಿ ಈ ಮಹಾರಾಯ ಹೊಟ್ಟೇಲಿ ಬಂದ. ಇಂಥದ್ದೊಂದಿದೆ ಅಂತ ನಂಗ್ಯಾರೂ ಹೇಳ್ಲೇ ಇಲ್ಲ. ಇವನು ಹುಟ್ಟಿದ್ದು ಸಂತೋಷಾನೇ. ಆದ್ರೂ ಆ ಪರೀಕ್ಷೆ ಇವತ್ತಿಗೂ ಹೊಟ್ಟೆ ಉರಿಸತ್ತೆ."

ಎದ್ದು ಹೋಗಿ ತಮ್ಮ ಬೀರುವಿನ ಒಂದು ಡ್ರಾಯರಿನಲ್ಲಿದ್ದ ಉಣ್ಣೆಯುಂಡೆಗಳನ್ನೆಲ್ಲ ತೆಗೆದರು. ಖಾಲಿ ಡ್ರಾಯರನ್ನು ಕಳಚಿ ತಂದು ಸೊಸೆಯ ಕೈಗಿತ್ತರು. "ನಿಮ್ಮ ಕೋಣೇಲಿಟ್ಕೊಳ್ಳಿ. ಇದಕ್ಕೆ ನಾನು ಕೈ ಹಾಕಲ್ಲ. ಇವನ ಉಸ್ತುವಾರಿಗೆ ಮಾತ್ರ ಬಿಡಬೇಡ, ನಾಳೆ ಒಲೆ ಮೇಲಿಡ್ತಾನೆ."

ಆಮೇಲಿನ ದಿನಗಳಲ್ಲಿ ಸೊಸೆಗೆ ಬಸ್ಸು ತಿರುಗಿಸುವಾಗಲೂ ಮಾತ್ರೆ ಫಲಿಸಿತೋ ಇಲ್ಲವೋ ಎಂಬುದೇ ಚಿಂತೆ; ಅತ್ತೆಗೂ ಅದನ್ನು ಹೇಳಿಕೊಂಡಿದ್ದಳು. ಕೊನೆಗೂ ಮುಟ್ಟಾದಾಗ ಅವಳು ಓಡಿದ್ದು ಗಂಡನ ಹತ್ತಿರವಲ್ಲ, ಅತ್ತೆಯ ಹತ್ತಿರ. ಅತ್ತೆ ಹೆಣೆಯುವ ಕಡ್ಡಿ ಕೆಳಗಿಟ್ಟು ಅವಳ ಕೈ ಹಿಡಿದುಕೊಂಡರು.

"ಪರೀಕ್ಷೆ ದಿನ ನಾನೂ ಬರ್ತೀನಿ ಕಣೇ. ನನ್ನದಕ್ಕಂತೂ ಹೋಗೋಕಾಗ್ಲಿಲ್ಲ."