ನೀಲಿ ಸ್ವಿಚ್ಚಿನ ಸದ್ದು

ಪುತ್ತೂರಿನ ಕಂಪ್ಯೂಟರ್ ಅಂಗಡಿಯಲ್ಲಿ ಶಹನಾ ಮೂರು ಕೀಬೋರ್ಡುಗಳನ್ನು ಗಾಜಿನ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಅಂಗಡಿ ಅವಳದೂ ಅವಳ ಅಣ್ಣ ತಮೀಮನದೂ. ತಮೀಮ್ ಒಳಗೆ ರಿಪೇರಿ ನೋಡಿಕೊಳ್ಳುತ್ತಿದ್ದ. ಗಿರಾಕಿಗಳ ಜೊತೆಗಿನ ಮಾತೆಲ್ಲ ಅವಳ ಪಾಲಿಗೆ.

"ಮೂರೂ ಮೆಕ್ಯಾನಿಕಲ್ಲೇ. ಒಳಗಿನ ಸ್ವಿಚ್ ಮಾತ್ರ ಬೇರೆ ಬೇರೆ. ಕೆಂಪು ಒತ್ತಿದ್ರೆ ನೇರ ಇಳೀತದೆ, ಶಬ್ದ ಕಮ್ಮಿ. ಕಂದು ಅರ್ಧಕ್ಕೆ ಬರುವಾಗ ಬೆರಳಿಗೆ ಸ್ವಲ್ಪ ತಾಗಿದ ಹಾಗೆ ಆಗ್ತದೆ. ನೀಲಿಗೆ ಶಬ್ದ ಉಂಟು, ಒಂದೊಂದು ಅಕ್ಷರಕ್ಕೂ ಟಿಕ್ ಅಂತದೆ. ನೀವೇ ಟೈಪ್ ಮಾಡಿ ನೋಡಿ ಅಕ್ಕ."

ಸುಪ್ರಿತಾ ಮೂರರಲ್ಲೂ ತನ್ನ ಹೆಸರನ್ನೂ ಊರಿನ ಹೆಸರನ್ನೂ ಹೊಡೆದು ನೋಡಿದಳು. ಮಂಗಳೂರಿನ ಒಂದು ಕಂಪನಿಗೆ ಅವಳು ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಭಾಷಣ, ಸಂದರ್ಶನ, ಸಭೆಗಳ ರೆಕಾರ್ಡಿಂಗ್ ಕೇಳಿ ಕನ್ನಡದಲ್ಲಿ ಟೈಪ್ ಮಾಡಿ ಕಳಿಸುವ ಕೆಲಸ. ಲ್ಯಾಪ್‌ಟಾಪಿನ ಚಪ್ಪಟೆ ಕೀಲಿಗಳನ್ನು ಬಡಿದು ಬಡಿದು ಬೆರಳ ತುದಿ ನೋಯತೊಡಗಿತ್ತು. ಕಂದು ಅವಳಿಗೆ ಕೂಡಲೇ ಹಿಡಿಸಿತು.

ಗಂಡ ಕೀರ್ತನ್ ಟೈಪ್ ಮಾಡಿ ನೋಡಲಿಲ್ಲ. ಬಗ್ಗಿ, ಕಿವಿಯನ್ನು ಹತ್ತಿರ ತಂದು, ಪ್ರತಿಯೊಂದರಲ್ಲೂ ಒಂದು ಕೀಲಿ ಒತ್ತಿದ. ನೀಲಿಯನ್ನು ಮಾತ್ರ ಮತ್ತೆ ಮತ್ತೆ ಒತ್ತಿ ಕೇಳಿದ.

"ಇದು ಇರಲಿ."

"ಇಡೀ ದಿನ ಟೈಪ್ ಮಾಡುದಾದ್ರೆ ನೀಲಿ ಬೇಡ ಅಣ್ಣ," ಎಂದಳು ಶಹನಾ. "ಮನೆಯವರಿಗೆ ಕಿರಿಕಿರಿ ಆಗ್ತದೆ. ಅಕ್ಕನಿಗೆ ಕಂದು ಖುಷಿಯಾದ ಹಾಗೆ ಕಾಣ್ತದೆ."

"ಕೆಳಗೆ ಇರುದು ನಾನು. ನನಗೆ ಕಿರಿಕಿರಿ ಇಲ್ಲ," ಎಂದು ಕೀರ್ತನ್ ನಕ್ಕ.

ಸುಪ್ರಿತಾಳೂ ನಕ್ಕಳು. ಮದುವೆಯಾಗಿ ವರ್ಷವಾಗಿರಲಿಲ್ಲ. ತನ್ನ ಕೆಲಸಕ್ಕೆಂದು ಗಂಡ ಇಷ್ಟು ಆಸ್ಥೆಯಿಂದ ಅಂಗಡಿಗೆ ಬಂದದ್ದೇ ಅವಳಿಗೆ ದೊಡ್ಡದಾಗಿತ್ತು.

ಅವರ ಮನೆ ಸುಳ್ಯದ ಹಳೆಯ ಪೇಟೆಬೀದಿಯಲ್ಲಿ. ಕೆಳಗೆ ಕೀರ್ತನನ ಪೈಪು, ನಲ್ಲಿ ಸಾಮಾನಿನ ಅಂಗಡಿ, ಮೇಲೆ ವಾಸ. ಅಜ್ಜನ ಕಾಲದ ಕಟ್ಟಡವಾದ್ದರಿಂದ ಮಾಳಿಗೆಯ ನೆಲ ಮರದ ಹಲಗೆಯದು. ಸುಪ್ರಿತಾಳ ಮೇಜು ಇದ್ದದ್ದು ಸರಿಯಾಗಿ ಅಂಗಡಿಯ ಗಲ್ಲಾದ ನೆತ್ತಿಗೆ. ಮನೆಗೆ ಹತ್ತುವ ಮೆಟ್ಟಿಲು ಹಿಂದಿನ ಓಣಿಗೆ ಇಳಿಯುತ್ತಿತ್ತು, ಅಂಗಡಿಯಲ್ಲಿ ಕೂತವರಿಗೆ ಕಾಣುತ್ತಿರಲಿಲ್ಲ. ಮನೆಯಲ್ಲಿ ಇನ್ನೊಬ್ಬರೆಂದರೆ ಅತ್ತೆ ಕಮಲಾವತಿ. ತಾಯಿ ಮಗ ತಮ್ಮೊಳಗೆ ಸುಳ್ಯ ಕಡೆಯ ಗೌಡರ ಮನೆಮಾತಾದ ಅರೆಭಾಷೆಯಲ್ಲಿ ಮಾತಾಡುತ್ತಿದ್ದರು. ಕಡಬದ ತುಳು ಮನೆಯಿಂದ ಬಂದ ಸೊಸೆಯೊಡನೆ ಕನ್ನಡ.

ಮೊದಮೊದಲು ಆ ಸದ್ದು ಸುಪ್ರಿತಾಳಿಗೂ ಹಿತವೆನಿಸಿತು. ಕೆಲಸ ಬೇಗ ಮುಗಿಯುತ್ತಿತ್ತು. ಒಂದು ದಿನ ಊಟಕ್ಕೆ ಕೂತಾಗ ಕೀರ್ತನ್ ಕೇಳಿದ.

"ಬೆಳಗ್ಗೆ ಸ್ವಲ್ಪ ಹೊತ್ತು ಶಬ್ದ ಇರ್ಲಿಲ್ಲ. ಎಲ್ಲಿಗೆ ಹೋಗಿದ್ದಿ?"

"ಎಲ್ಲಿಗೂ ಇಲ್ಲ. ರೆಕಾರ್ಡಿಂಗ್ ಸರಿ ಕೇಳ್ತಿರ್ಲಿಲ್ಲ. ಹಿಂದೆ ಮುಂದೆ ಮಾಡಿ ಕೇಳ್ತಾ ಇದ್ದೆ."

"ಹೌದಾ," ಎಂದ ಅವನು, ಅನ್ನಕ್ಕೆ ಸಾರು ಬಡಿಸಿಕೊಳ್ಳುತ್ತ. ಮಾತು ಅಲ್ಲಿಗೇ ಮುಗಿಯಿತು.

ಆಮೇಲೆ ಅವಳು ಕೈ ನಿಲ್ಲಿಸಿದರೆ ಕೆಳಗಿನಿಂದ ಹಲಗೆಗೆ ತಟ್ಟುವ ಸದ್ದು ಬರತೊಡಗಿತು. ಅಂಗಡಿಯ ಪಿವಿಸಿ ಪೈಪಿನ ತುಂಡೊಂದನ್ನು ಅವನು ಗಲ್ಲಾದ ಪಕ್ಕದಲ್ಲೇ ಇಟ್ಟುಕೊಂಡಿದ್ದ. ಮೊದಲ ಸಲ ತಟ್ಟಿದಾಗ ಏನೋ ಬೇಕಾಗಿದೆಯೆಂದು ಅವಳು ಇಳಿದು ಹೋದಳು.

"ಎಂತ ಇಲ್ಲ. ಇದ್ದೀಯಾ ಅಂತ ನೋಡಿದ್ದು," ಎಂದು ಅವನು ಗಿರಾಕಿಗಳ ಮುಂದೆಯೇ ಪ್ರೀತಿಯಿಂದ ಹೇಳಿದ. ಗಿರಾಕಿಗಳು ನಕ್ಕರು. ಮತ್ತೆ ಅವಳು ಇಳಿದು ಹೋಗುವುದನ್ನು ಬಿಟ್ಟಳು. ತಟ್ಟಿದ ಕೂಡಲೇ ಉದ್ದದ ಸ್ಪೇಸ್ ಕೀಲಿಯನ್ನು ಒತ್ತುತ್ತಿದ್ದಳು. ಕೆಳಗೆ ಸುಮ್ಮನಾಗುತ್ತಿತ್ತು. ಕ್ರಮೇಣ, ರೆಕಾರ್ಡಿಂಗ್ ಕೇಳಲು ನಿಂತಾಗಲೂ ಅವಳ ಬೆರಳು ಸ್ಪೇಸ್ ಕೀಲಿಯನ್ನು ಒತ್ತುತ್ತಲೇ ಇರುತ್ತಿತ್ತು. ಬಚ್ಚಲಿಗೆ ಹೋಗುವಾಗ ಗಟ್ಟಿಯಾಗಿ, "ಸ್ನಾನಕ್ಕೆ ಹೋಗ್ತೇನೆ ಅತ್ತೆ," ಎಂದು ಹೇಳಿ ಹೋಗುವುದು ರೂಢಿಯಾಯಿತು.

ಅವಳ ಫೋನು ಹಗಲು ಹೊತ್ತು ಅಂಗಡಿಯಲ್ಲೇ ಇರುತ್ತಿತ್ತು. ಕೆಲಸದ ಮಧ್ಯೆ ಫೋನು ಯಾಕೆ ಎಂದು ಕೀರ್ತನನೇ ತೆಗೆದುಕೊಂಡು ಹೋಗುತ್ತಿದ್ದ. ಹಾಗಾಗಿ ಕಡಬದಲ್ಲಿರುವ ಅಣ್ಣ ದಿಶಾಂತನ ಜೊತೆ ಅವಳು ಲ್ಯಾಪ್‌ಟಾಪಿನಲ್ಲೇ ಚಾಟ್ ಮಾಡುತ್ತಿದ್ದಳು. ಹಾಗೆ ಮಾಡಿದ ಒಂದು ದಿನ ಸಂಜೆ ಕೀರ್ತನ್ ಕೇಳಿದ.

"ಇವತ್ತು ಎಂಟರ್ ತುಂಬ ಒತ್ತಿದ್ದಿ. ಯಾರ ಹತ್ರ ಚಾಟ್?"

ಅವಳು ತಿರುಗಿ ಅವನನ್ನು ನೋಡಿದಳು.

"ಎಂಟರಿನ ಶಬ್ದ ಬೇರೆ. ಸ್ವಲ್ಪ ದಪ್ಪ," ಎಂದ ಅವನು. "ಕೆಲಸ ಮಾಡುವಾಗ ತುಂಬ ಹೊತ್ತಿಗೊಮ್ಮೆ ಬರ್ತದೆ. ಚಾಟ್ ಮಾಡುವಾಗ ನಾಲ್ಕು ಅಕ್ಷರಕ್ಕೊಮ್ಮೆ ಬರ್ತದೆ. ನಾನು ಬೈಲಿಲ್ಲಪ್ಪ. ಸುಮ್ಮನೆ ಕೇಳಿದ್ದು."

ಅವನು ಬೈದಿರಲಿಲ್ಲ ನಿಜ. ಬೈಯುವ ಸ್ವಭಾವವೇ ಅವನದಲ್ಲ. ಅಣ್ಣನಿಗೆ, ಯಾಕೋ ಹೆದರಿಕೆ ಆಗ್ತದೆ ಎಂದು ಅವಳು ಬರೆದಾಗ, ಹೊಡೀತಾನಾ ಎಂದು ದಿಶಾಂತ ಕೇಳಿದ್ದ. ಇಲ್ಲ ಎಂದಳು. ಮತ್ತೆಂತ ಎಂದು ಕೇಳಿದ. ಏನೆಂದು ಬರೆಯಬೇಕೋ ಅವಳಿಗೆ ತಿಳಿಯಲಿಲ್ಲ.

ಮುಂದಿನ ಸಲ ಅಂಗಡಿಯ ಸಾಮಾನು ತರಲು ಕೀರ್ತನ್ ಪುತ್ತೂರಿಗೆ ಹೊರಟಾಗ, ಮೌಸ್ ಹಾಳಾಗಿದೆಯೆಂದು ಅವಳೂ ಜೊತೆಗೆ ಹೋದಳು. ಅವನು ಎದುರಿನ ಗೋದಾಮಿನಲ್ಲಿದ್ದ ಸ್ವಲ್ಪ ಹೊತ್ತಿನಲ್ಲಿ ಶಹನಾಳನ್ನು ಕೇಳಿದಳು.

"ನನ್ನ ಕೀಬೋರ್ಡಿನ ಶಬ್ದ ಕಮ್ಮಿ ಮಾಡ್ಲಿಕ್ಕೆ ಆಗ್ತದಾ?"

"ಆಗ್ತದೆ ಅಕ್ಕ. ನಿಮ್ಮದರಲ್ಲಿ ಸ್ವಿಚ್ ಕಿತ್ತು ಬೇರೆ ಹಾಕ್ಬಹುದು. ಸೈಲೆಂಟ್ ಸ್ವಿಚ್ ಉಂಟು. ಎಲ್ಲ ಕೀಲಿಗೂ ಕೊಡುದಾ?"

"ಒಂದು ಸಾಕು. ಎಂಟರಿಗೆ ಮಾತ್ರ."

ಶಹನಾ ಅವಳ ಮುಖ ನೋಡಿದಳು. ಕೀಳುವ ಚಿಕ್ಕ ಚಿಮುಟವನ್ನೂ ಸ್ವಿಚ್ಚನ್ನೂ ಕಾಗದದಲ್ಲಿ ಸುತ್ತಿ ಕೊಡುತ್ತ, "ನಾನು ದಿನಾ ಅಂಗಡಿಯಲ್ಲೇ ಇರ್ತೇನೆ ಅಕ್ಕ," ಎಂದಳು.

ಎಂಟರ್ ಮೂಕವಾದ ಮೇಲೆ ಸುಪ್ರಿತಾ ಅಣ್ಣನಿಗೆ ಧೈರ್ಯವಾಗಿ ಬರೆಯತೊಡಗಿದಳು. ಆ ಧೈರ್ಯ ಹೆಚ್ಚು ದಿನ ಉಳಿಯಲಿಲ್ಲ. ಒಂದು ಮಧ್ಯಾಹ್ನ ಕೀರ್ತನ್ ಅಂಗಡಿ ಬಿಟ್ಟು ಮೇಲೆ ಬಂದ. ಅವಳನ್ನು ಎದ್ದು ನಿಲ್ಲಲು ಹೇಳಿ ಕುರ್ಚಿಯಲ್ಲಿ ಕೂತು, ಮೇಲಿನ ಸಾಲಿನಿಂದ ಶುರು ಮಾಡಿ ಒಂದೊಂದೇ ಕೀಲಿ ಒತ್ತುತ್ತ ಬಂದ. ಟಿಕ್. ಟಿಕ್. ಟಿಕ್. ಅವಸರವೇ ಇರಲಿಲ್ಲ. ಎಂಟರಿಗೆ ಬಂದಾಗ ಬೆರಳು ನಿಂತಿತು. ಮತ್ತೊಮ್ಮೆ ಒತ್ತಿ ನೋಡಿದ.

"ಯಾರು ಮಾಡಿಕೊಟ್ಟದ್ದು?"

"ನಾನೇ."

"ಚೆಂದ ಮಾಡಿದ್ದಿ," ಎಂದು ಎದ್ದ. ಅಂದೇ ಇಂಟರ್‌ನೆಟ್ಟಿನ ಪೆಟ್ಟಿಗೆ ಕೆಳಗೆ ಅಂಗಡಿಗೆ ಹೋಯಿತು. ಫೈಲು ಕಳಿಸುವಾಗ ಹೇಳಿದರೆ ಆನ್ ಮಾಡುತ್ತೇನೆ ಎಂದ. ಮರುದಿನ ಬೆಳಿಗ್ಗೆ ಬಡಗಿ ಮಾಯಿಲಪ್ಪ ಬಂದು ಅವಳ ಕೋಣೆಯ ಬಾಗಿಲನ್ನು ಅಳೆಯತೊಡಗಿದ. ಕಾಫಿ ತಂದ ಕಮಲಾವತಿ ಅವನನ್ನು ಕೇಳಿದರು.

"ಚಿಲಕ ಒಳಗಿನಿಂದ ಅಲ್ವಾ?"

"ಅಲ್ಲ ಅಮ್ಮ, ಹೊರಗಿನಿಂದ ಇಡ್ಲಿಕ್ಕೆ ಹೇಳಿದ್ದಾರೆ. ಕೆಲಸದ ಹೊತ್ತಿಗೆ ಯಾರೂ ಹೋಗಿ ಉಪದ್ರ ಕೊಡಬಾರದಂತೆ." ಮಾಯಿಲಪ್ಪನಿಗೂ ಅದು ವಿಚಿತ್ರವೆನಿಸಿರಬೇಕು. ತಲೆ ಎತ್ತದೆ ಹೇಳಿದ. ಊಟದ ನಂತರ ಚಿಲಕ ತರುತ್ತೇನೆಂದು ಹೋದ.

ಕಮಲಾವತಿ ಸೊಸೆಯ ಕೋಣೆಗೆ ಬಂದರು. ಮಾತು ಕಡಿಮೆಯ ಹೆಂಗಸು. ಸುಪ್ರಿತಾ ಟೈಪ್ ಮಾಡುತ್ತಲೇ ಇದ್ದಳು, ನಿಲ್ಲಿಸುವ ಧೈರ್ಯವಿರಲಿಲ್ಲ. ಅತ್ತೆ ಅವಳ ಕಿವಿಯ ಹತ್ತಿರ ಬಗ್ಗಿ ಸಣ್ಣ ದನಿಯಲ್ಲಿ ಹೇಳಿದರು.

"ನಿನ್ನ ಮಾವ ಹೀಗೆಯೇ ಬಾವಿಯ ರಾಟೆಯ ಶಬ್ದ ಕೇಳ್ತಿದ್ರು. ನಾನು ನೀರು ಸೇದುವಲ್ಲಿ ಯಾರ ಹತ್ರ ಆದ್ರೂ ಮಾತಾಡಿ ನಿಂತ್ರೆ ಅಂಗಳಕ್ಕೆ ಬಂದು ನಿಲ್ತಿದ್ರು. ಇವ ಆಗ ಸಣ್ಣವ. ಅಪ್ಪನ ಪಕ್ಕ ಕೂತು ಕೇಳ್ತಿದ್ದ." ಬಾಗಿಲಿನ ಕಡೆ ಒಮ್ಮೆ ನೋಡಿ ಹೇಳಿದರು: "ನೀನು ಹೋಗು."

"ಎಲ್ಲಿಗೆ ಅತ್ತೆ?"

"ಎಲ್ಲಿಗಾದ್ರೂ. ಬಾಗಿಲಿಗೆ ಚಿಲಕ ಬೀಳುವ ಮೊದಲು. ಏಳು, ನಾನು ಕೂತುಕೊಳ್ತೇನೆ."

"ನಿಮಗೆ ಬರುದಿಲ್ಲ. ಅವರಿಗೆ ಗೊತ್ತಾಗ್ತದೆ."

"ದಿನಾ ಕೇಳ್ತೇನಲ್ಲ. ನನಗೂ ಗೊತ್ತುಂಟು."

ಅವರು ಸೊಸೆಯ ಭುಜದ ಮೇಲಿಂದ ಕೈ ಚಾಚಿ ಕೀಲಿಗಳ ಮೇಲೆ ಬೆರಳಿಟ್ಟರು. ನಾಲ್ಕು ಕೈಗಳು ಸ್ವಲ್ಪ ಹೊತ್ತು ಒಟ್ಟಿಗೆ ಒತ್ತಿದವು. ಮತ್ತೆ ಸುಪ್ರಿತಾ ತನ್ನ ಕೈ ತೆಗೆದಳು. ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ಸಾಲುಗಟ್ಟುತ್ತಿದ್ದವು, ಆದರೆ ಸದ್ದಿನಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ವೇಗವಾಗಿ ಒಂದಷ್ಟು, ತಡೆದು ಒಂದೆರಡು, ನಡುವೆ ಸ್ಪೇಸ್ ಕೀಲಿ.

ಆಧಾರ್ ಕಾರ್ಡನ್ನು ಮುಷ್ಟಿಯಲ್ಲಿ ಹಿಡಿದು, ಚಪ್ಪಲಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಅವಳು ಹಿಂದಿನ ಮೆಟ್ಟಿಲಿಳಿದಳು. ಬಸ್‌ಸ್ಟ್ಯಾಂಡಿನಲ್ಲಿ ಪುತ್ತೂರಿನ ಸರ್ಕಾರಿ ಬಸ್ಸು ಹೊರಡಲು ನಿಂತಿತ್ತು. ಕಾರ್ಡು ನೋಡಿ ಕಂಡಕ್ಟರ್ ಹೆಂಗಸರಿಗೆ ಕೊಡುವ ಸೊನ್ನೆಯ ಟಿಕೆಟು ಹರಿದು ಕೊಟ್ಟ. ಜಾಲ್ಸೂರು ದಾಟುವ ತನಕ ಅವಳು ಹಿಂದೆ ತಿರುಗಿ ನೋಡುತ್ತಲೇ ಇದ್ದಳು.

ಶಹನಾ ಏನೂ ಕೇಳದೆ ಒಳಗಿನ ಕೋಣೆಯಲ್ಲಿ ಕೂರಿಸಿ ಫೋನು ಕೊಟ್ಟಳು. ದಿಶಾಂತ ಜೀಪು ತೆಗೆದುಕೊಂಡು ಕೂಡಲೇ ಹೊರಟೆನೆಂದ. ಅವನು ಬರುವಷ್ಟರಲ್ಲಿ ಸುಪ್ರಿತಾಳಿಗೆ ಅತ್ತೆಯದೇ ಯೋಚನೆ ಹತ್ತಿತು. ತಡೆಯಲಾರದೆ ಅಂಗಡಿಗೆ ಫೋನು ಮಾಡಿದಳು.

"ಸುಪ್ರಿತಾನಾ?" ಎಂದ ಕೀರ್ತನ್. ಅವಳಿನ್ನೂ ಮಾತಾಡಿರಲಿಲ್ಲ. "ಊಟ ಆಯ್ತಾ?"

"ಅತ್ತೆ ಎಲ್ಲಿ?"

"ಮೇಲೆ ಇದ್ದಾರೆ. ಮಾಯಿಲಪ್ಪ ಈಗ ಹೋದ, ಚಿಲಕ ಗಟ್ಟಿ ಆಗಿದೆ. ಅಮ್ಮ ಒಳ್ಳೆ ಟೈಪ್ ಮಾಡ್ತಾರೆ ಮಾರಾಯ್ತಿ, ನನಗೆ ಗೊತ್ತೇ ಇರ್ಲಿಲ್ಲ. ತಡಿ, ಕೇಳು."

ಅವನು ಫೋನನ್ನು ಮಾಳಿಗೆಯ ಕಡೆಗೆ ಎತ್ತಿ ಹಿಡಿದಿರಬೇಕು. ದೂರದಿಂದ ಟಿಕ್, ಟಿಕ್ ಎಂದು ಬರುತ್ತಿತ್ತು. ಬಹಳ ನಿಧಾನವಾಗಿತ್ತು. ಒಮ್ಮೆ ನಿಂತಿತು. ಪೈಪಿನಿಂದ ಹಲಗೆಗೆ ತಟ್ಟಿದ್ದು ಕೇಳಿಸಿತು. ಮತ್ತೆ ಶುರುವಾಯಿತು.

ಅಣ್ಣ ತಂಗಿ ಸುಳ್ಯ ಮುಟ್ಟುವಾಗ ಬಿಸಿಲು ಇಳಿಯುತ್ತಿತ್ತು. ಕೀರ್ತನ್ ಗಿರಾಕಿಯೊಬ್ಬನಿಗೆ ನಲ್ಲಿ ತೋರಿಸುತ್ತಿದ್ದವ ತಲೆ ಎತ್ತಿ, "ಬನ್ನಿ ಭಾವ. ಮೇಲೆ ಹೋಗಿ," ಎಂದ. ಜಗಳಕ್ಕೆ ಸಿದ್ಧನಾಗಿ ಬಂದಿದ್ದ ದಿಶಾಂತ ತಂಗಿಯ ಹಿಂದೆ ಮೆಟ್ಟಿಲಿನ ಕಡೆ ನಡೆದ.

ಹೊಸ ಚಿಲಕವನ್ನು ಸುಪ್ರಿತಾಳೇ ತೆಗೆದಳು. ಬಾಗಿಲು ತೆರೆದರೂ ಕಮಲಾವತಿ ಟೈಪ್ ಮಾಡುವುದನ್ನು ನಿಲ್ಲಿಸಲಿಲ್ಲ. ಎರಡು ಬೆರಳುಗಳು ಮಾತ್ರ ಆಡುತ್ತಿದ್ದವು. ಸುಪ್ರಿತಾ ಅವರ ಕೈಗಳನ್ನು ಹಿಡಿದುಕೊಂಡಳು. ಕೂಡಲೇ ಕೆಳಗಿನಿಂದ ತಟ್ಟುವ ಸದ್ದು ಬಂತು. ಅತ್ತೆಯ ಬೆರಳು ಅವಳ ಅಂಗೈಯನ್ನೇ ಕೀಲಿಯೆಂಬಂತೆ ಒತ್ತಿತು.

"ಬನ್ನಿ ಅತ್ತೆ. ನಮ್ಮ ಮನೆಗೆ ಹೋಗುವ."

ಅವರು ಸುತ್ತ ಒಮ್ಮೆ ನೋಡಿದರು. ಏನನ್ನೂ ತೆಗೆದುಕೊಳ್ಳದೆ ಎದ್ದು ಬಂದರು. ಜೀಪು ಹತ್ತುವಾಗ ಕೀರ್ತನ್ ಅಂಗಡಿಯ ಬಾಗಿಲಿಗೆ ಬಂದು ಅರೆಭಾಷೆಯಲ್ಲಿ ಯಾವಾಗ ವಾಪಸು ಎಂದು ಮೆತ್ತಗೆ ಕೇಳಿದ. ಕಮಲಾವತಿ ಮಗನ ಮುಖ ನೋಡಲಿಲ್ಲ.

ಮರುದಿನ ಠಾಣೆಯಲ್ಲಿ ದೂರು ಕೊಟ್ಟರು. ಗಂಡ ಏನು ಮಾಡಿದನೆಂದು ಹೇಳಲು ಸುಪ್ರಿತಾ ಮತ್ತೆ ತಡವರಿಸಿದಳು. ಕಮಲಾವತಿಯೇ ಮುಂದೆ ಬಂದು ಹೇಳಿದರು: "ನನ್ನನ್ನು ಕೋಣೆಗೆ ಹಾಕಿ ಹೊರಗಿನಿಂದ ಚಿಲಕ ಹಾಕಿದ. ನನ್ನ ಮಗ. ಅದನ್ನು ಬರೀರಿ." ಪೊಲೀಸಿನವಳು ಬರೆದುಕೊಂಡಳು. ಕೀರ್ತನನನ್ನು ಕರೆಸಿದರು. ಅವನು ಸಮಯಕ್ಕೆ ಸರಿಯಾಗಿ ಬಂದು, ಕೇಳಿದ್ದಕ್ಕೆಲ್ಲ ತಗ್ಗಿದ ದನಿಯಲ್ಲಿ ಉತ್ತರ ಕೊಟ್ಟು, ಇನ್ನು ಅವರಿಬ್ಬರ ಹತ್ತಿರ ಹೋಗುವುದಿಲ್ಲವೆಂದು ಸಹಿ ಹಾಕಿ ಹೋದ.

ಕಡಬದಲ್ಲಿ ದಿಶಾಂತನ ಮನೆಯ ಹಿಂದಿನ ಕೋಣೆ ಅವರಿಬ್ಬರದಾಯಿತು. ಕಂಪನಿಯ ಕೆಲಸ ಕೈತಪ್ಪಿರಲಿಲ್ಲ; ಅಣ್ಣ ತಂದುಕೊಟ್ಟ ಲ್ಯಾಪ್‌ಟಾಪಿಗೆ ಹೊಸ ಕೀಬೋರ್ಡು ಬೇಕಾಗಿತ್ತು. ಶಹನಾ ಫೋನಿನಲ್ಲಿ ಯಾವುದು ಬೇಕೆಂದು ಕೇಳಿದಾಗ ಕಂದು ಎನ್ನಲು ಸುಪ್ರಿತಾಳಿಗೆ ಮನಸ್ಸಾಗಲಿಲ್ಲ. "ಒಂದು ಕೀಲಿಯದ್ದೂ ಶಬ್ದ ಕೇಳಬಾರದು," ಎಂದಳು. ಹಾಗೆಯೇ ಮಾಡಿ ಕೊರಿಯರಿನಲ್ಲಿ ಕಳಿಸಿದಳು ಶಹನಾ. ಒತ್ತಿದರೆ ಅಕ್ಕಿಯ ಮೇಲೆ ಬೆರಳಾಡಿಸಿದಷ್ಟೇ ಸದ್ದು.

ಆದರೆ ಅವಳು ಕೆಲಸಕ್ಕೆ ಕೂತಾಗಲೆಲ್ಲ ಅತ್ತೆ ಅಡುಗೆಮನೆಯಿಂದ ಎದ್ದು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು.

"ಇದ್ದೀಯಾ?"

"ಇದ್ದೇನೆ ಅತ್ತೆ."

"ಏನೂ ಕೇಳ್ತಿರ್ಲಿಲ್ಲ. ಅದಕ್ಕೆ ಬಂದೆ," ಎಂದು ಹಿಂದಿರುಗುತ್ತಿದ್ದರು. ಕೊನೆಗೆ ಸುಪ್ರಿತಾಳೇ ಮೇಜನ್ನು ಅಡುಗೆಮನೆಯ ಮೂಲೆಗೆ ತಂದುಕೊಂಡಳು.

ಅಲ್ಲಿ ಕೂತಿದ್ದಾಗಲೇ ಒಂದು ದಿನ ಶಹನಾಳ ಫೋನು ಬಂತು.

"ಅಕ್ಕ, ನಿಮ್ಮವರು ಈಗ ಬಂದು ಹೋದ್ರು. ನೀವು ಯಾವ ಕೀಬೋರ್ಡ್ ತಗೊಂಡದ್ದು, ಅದು ಎಷ್ಟು ದೂರಕ್ಕೆ ಕೇಳ್ತದೆ ಅಂತ ಕೇಳಿದ್ರು. ನನಗೆ ಗೊತ್ತಿಲ್ಲ ಅಂದೆ. ನಗಾಡಿಕೊಂಡು ಕಡಬದ ಬಸ್ಸು ಎಲ್ಲಿ ನಿಲ್ತದೆ ಅಂತ ಕೇಳಿ ಹೋದ್ರು."

ಸುಪ್ರಿತಾ ಫೋನು ಕೆಳಗಿಟ್ಟಳು. ಒಲೆಯ ಮುಂದಿದ್ದ ಕಮಲಾವತಿಗೆ ಶಹನಾಳ ಮಾತು ಅಷ್ಟೂ ಕೇಳಿಸಿತ್ತು. ಎದ್ದು ಹೋಗಿ ಅಂಗಳದ ಕಡೆಯ ಬಾಗಿಲನ್ನು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ಕೂತರು.

"ನೀನು ಅಣ್ಣನಿಗೂ ಠಾಣೆಗೂ ಫೋನ್ ಮಾಡು," ಎಂದರು. "ನಾನು ಇಲ್ಲಿದ್ದೇನೆ."