ಬಾಣಂತಿ ಇಲಿಯ ಝೀರೋ ಬಲ್ಬು

ಹನ್ನೆರಡು ಹೆಣ್ಣು ಇಲಿಗಳು ಸೇರಿ ನನ್ನ ಮೇಲೆ ಹಗೆ ಸಾಧಿಸುತ್ತಿವೆ ಎಂದು ನಾನು ನಂಬತೊಡಗಿ ಎರಡು ವಾರವಾಗಿತ್ತು.

ಕುಂದಾಪುರದ ಹೊರಗಿನ ಒಂದು ಫಾರ್ಮಸಿ ಕಾಲೇಜಿನಲ್ಲಿ ನನ್ನ ಸಂಶೋಧನೆ. ಹೆಣ್ಣು ಇಲಿಯ ಋತುಚಕ್ರ ನಾಲ್ಕೈದು ದಿನದ್ದು. ಅಂಡ ಬಿಡುಗಡೆಯಾಗುವ ಹಿಂದಿನ ಮಧ್ಯಾಹ್ನ ಹಾರ್ಮೋನ್ ಒಮ್ಮೆಲೇ ಏರುತ್ತದೆ. ಆ ದಿನ ಎರಡು ಗಂಟೆಗೆ ಚುಚ್ಚುಮದ್ದು ಕೊಟ್ಟರೆ ಚಕ್ರ ಏನಾಗುತ್ತದೆ, ಆರು ಗಂಟೆಗೆ ಕೊಟ್ಟರೆ ಏನಾಗುತ್ತದೆ? ಇಷ್ಟೇ ನನ್ನ ಪ್ರಶ್ನೆ. ಇದಕ್ಕಾಗಿ ಬಿಜೂರಿನಿಂದ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಬರುತ್ತಿದ್ದೆ. ಇಲಿಗಳನ್ನು ಬಳಸುವ ಅನುಮತಿ ತಿಂಗಳ ಕೊನೆಗೆ ಮುಗಿಯುವುದಿತ್ತು. ಅಷ್ಟರೊಳಗೆ ಆಗದಿದ್ದರೆ ಮತ್ತೆ ಅರ್ಜಿ, ಮತ್ತೆ ಸಮಿತಿ, ಒಂದು ವರ್ಷ ನೀರುಪಾಲು.

ಆದರೆ ಆ ದಿನವೇ ಬರುತ್ತಿರಲಿಲ್ಲ. ಪ್ರತಿ ಬೆಳಿಗ್ಗೆ ಒಂದೊಂದು ಇಲಿಯ ಯೋನಿದ್ರವದ ಹನಿಯನ್ನು ಸ್ಲೈಡಿಗೆ ಹಾಕಿ ನೋಡುತ್ತಿದ್ದೆ. ಆ ದಿನ ಕಾಣಬೇಕಾದದ್ದು ದುಂಡನೆಯ ಕೋಶಗಳು. ಕಾಣುತ್ತಿದ್ದದ್ದು ಬರೀ ಅವಲಕ್ಕಿಯಂಥ ಚಪ್ಪಟೆ ಕೋಶಗಳು. ನಿನ್ನೆಯೂ ಅವೇ, ಇವತ್ತೂ ಅವೇ. ಚಕ್ರ ಒಂದೇ ಕಡೆ ಸಿಕ್ಕಿಹಾಕಿಕೊಂಡಿತ್ತು. ಆಹಾರ ಬದಲಿಸಿದೆ, ಸೂಕ್ಷ್ಮದರ್ಶಕದ ಮೇಲೆ ರೇಗಿದೆ, ಮನೆಯಲ್ಲಿ ಅಮ್ಮನ ಮೇಲೂ ರೇಗಿದೆ.

ನಾನು ರೇಗದೆ ಬಿಟ್ಟವರು ಬೇಬಿಯಕ್ಕ ಒಬ್ಬರನ್ನೇ. ಹತ್ತಿರದ ಕೋಡಿ ಊರಿನವರು, ಗುತ್ತಿಗೆಯ ಮೇಲೆ ಇಲಿಗಳ ಕೋಣೆ ನೋಡಿಕೊಳ್ಳುವವರು. ಇಲಿಗಳು ಬಂದಾಗ ಅವುಗಳ ಜೊತೆ ಬಸುರಿ ಇಲಿಯೊಂದೂ ಬಂದು, ಮೂರನೇ ದಿನ ಮರಿ ಹಾಕಿತ್ತು. "ಬೇಬಿಯಕ್ಕ, ಬಾಣ್ತಿ ಇದ್ಲ್, ಚೆಂದ ಮಾಡಿ ಕಾಣಿ" ಎಂದು ನಾನೇ ತಮಾಷೆ ಮಾಡಿದ್ದೆ. ಅವರು ನಕ್ಕಿರಲಿಲ್ಲ. ಅದರ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಒಂದು ಬೆಳಿಗ್ಗೆ ಮೊದಲ ಬಸ್ಸಿಗೇ ಬಂದೆ. ಕೋಣೆಯ ದೊಡ್ಡ ದೀಪ ಟೈಮರಿನದು. ಬೆಳಿಗ್ಗೆ ಆರಕ್ಕೆ ಹತ್ತಿ ಸಂಜೆ ಆರಕ್ಕೆ ಆರುತ್ತದೆ. ಅದರ ಜೊತೆಗೆ ಮೂಲೆಯಲ್ಲಿ ಹಸಿರು ಝೀರೋ ಬಲ್ಬೊಂದು ಉರಿಯುತ್ತಿತ್ತು. ಬೇಬಿಯಕ್ಕ ಅದನ್ನು ಆರಿಸಲು ಕೈ ಚಾಚಿದ್ದರು.

"ಇದ್ ಯಾರ್ ಹಾಕಿದ್ದ್?"

"ನಾನೇ. ದಿನಾ ಸಂಜಿ ಮನಿಗ್ ಹೋಪತಿಗೆ ಹಾಕಿ ಹೋತೆ."

"ರಾತ್ರಿ ಇಡೀ?"

"ಮತ್ತೆಂತ ಮೇಡಂ? ಬಾಣ್ತಿ ಕೋಣಿ ಕತ್ಲಿ ಇಡುಕಾಗ. ನೀವೇ ಚೆಂದ ಮಾಡಿ ಕಾಣಿ ಅಂದ್ರಿ ಅಲ್ದಾ?"

ರಾತ್ರಿ ಕತ್ತಲಾಗದಿದ್ದರೆ ಇಲಿಗೆ ಹೊತ್ತೇ ತಿಳಿಯುವುದಿಲ್ಲ. ಹೊತ್ತು ತಿಳಿಯದಿದ್ದರೆ ಹಾರ್ಮೋನ್ ಏರುವುದಿಲ್ಲ. "ಅದ್ರ ಮರಿ ಎಲ್ಲ ದೊಡ್ಡ ಆಯಿ ಬೇರೆ ಪಂಜರಕ್ಕೆ ಹೋಯ್ತಲ್ಲ!" ಎಂದು ಕಿರುಚಿದೆ.

"ಆದ್ರೂ ಬಾಣಂತನ್ಕೆ ನಲ್ವತ್ ದಿನ ಆಗ್ಕಲ್ದಾ? ಇವತ್ತಿಗೆ ಮೂವತ್ತಾರ್" ಎಂದರು ಬೇಬಿಯಕ್ಕ, ಮೆಲ್ಲಗೆ.

ಲೆಕ್ಕ ಹಾಕಿದೆ. ಅನುಮತಿ ಮುಗಿಯಲು ಇನ್ನು ಒಂಬತ್ತು ದಿನ. ಚಕ್ರ ಮತ್ತೆ ಹಳಿಗೆ ಬಂತೆಂದು ನಂಬಲು ಎರಡು ವಾರವಾದರೂ ಬೇಕು. ಮುಗಿಯಿತು. ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ನನ್ನ ಮಾರ್ಗದರ್ಶಕ ಗೋವರ್ಧನ ಸರ್ ಎಲ್ಲ ಕೇಳಿ ವರದಿಯ ಹಾಳೆ ಮುಂದಿಟ್ಟರು. "ಕಾರಣ ಅಂತ ಇರುವಲ್ಲಿ ಸಿಬ್ಬಂದಿಯ ನಿರ್ಲಕ್ಷ್ಯ ಅಂತ ಬರೆದುಬಿಡಿ. ಆ ಕೆಲಸಕ್ಕೆ ಬೇರೆಯವರನ್ನ ತಗೊಳ್ಳುವ."

ನಿಜ ಹೇಳುತ್ತೇನೆ, ಬರೆಯುವ ಮನಸ್ಸು ನನಗೆ ಜೋರಾಗಿಯೇ ಇತ್ತು. ಒಂದು ವರ್ಷ ಕಳೆದುಕೊಂಡವಳು ನಾನು. ಪೆನ್ನು ಹಿಡಿದುಕೊಂಡೇ ಇಲಿಗಳ ಕೋಣೆಯತ್ತ ಹೋದೆ. ಬಾಗಿಲಲ್ಲಿ ದೀಪದ ನಿಯಮಗಳಿದ್ದವು, ಚೆಂದವಾಗಿ ಲ್ಯಾಮಿನೇಟ್ ಮಾಡಿಸಿ ನಾನೇ ಅಂಟಿಸಿದ್ದು. ಪೂರ್ತಿ ಇಂಗ್ಲಿಷಿನಲ್ಲಿ. ಬೇಬಿಯಕ್ಕ ಓದಿದ್ದು ನಾಲ್ಕನೇ ಕ್ಲಾಸು, ಕನ್ನಡ ಶಾಲೆ. ಅದು ನನಗೆ ಮೊದಲ ದಿನದಿಂದ ಗೊತ್ತಿತ್ತು.

‘ಕತ್ತಲಿನ ನಿಯಮವನ್ನು ಸಿಬ್ಬಂದಿಗೆ ತಿಳಿಸಿರಲಿಲ್ಲ. ತಪ್ಪು ನನ್ನದು’ ಎಂದು ಬರೆದು ಸಹಿ ಹಾಕಿದೆ. ಸಿಟ್ಟೇನೂ ಇಳಿಯಲಿಲ್ಲ.

ಮರುದಿನ ಬಾಗಿಲಿನ ಇಂಗ್ಲಿಷ್ ಹಾಳೆ ಕಿತ್ತು, ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆದು ಅಂಟಿಸಿದೆ: ‘ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಇಲ್ಲಿ ಯಾವ ದೀಪವನ್ನೂ ಹಾಕಬಾರದು.’

ಬೇಬಿಯಕ್ಕ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. ಮತ್ತೆ ನನ್ನತ್ತ ತಿರುಗಿದರು.

"ಇಷ್ಟೇಯಾ ಮೇಡಂ? ಇದ್ನ ಮೊದ್ಲೇ ಬರ್ದಿದ್ರೆ ಆತಿತ್ತಲೆ."